ಬಂಡೆಗೆ ಅಂಟಿದ ಗುಡಿ, ಒಂದೇ ಕೋಣೆಯಲ್ಲಿ ಮೂವರು ಗುರುಗಳು: ದಾತೊಂಗ್ ಪ್ರವಾಸ

ಉತ್ತರ ಚೀನಾದ ಶಾನ್ಶಿ ಪ್ರಾಂತ್ಯದಲ್ಲಿ, ಹುನ್‌ಯುವಾನ್ ಅನ್ನೋ ಊರಿನ ಪಕ್ಕ, ಕಡಿದಾದ ಬಂಡೆಯ ಮಧ್ಯದಲ್ಲಿ ಒಂದು ಗುಡಿ ಇದೆ. ಹೆಸರು ಶ್ವಾನ್‌ಕೊಂಗ್ ಸಿ. ನೇತಾಡುವ ಗುಡಿ ಅಂತಲೇ ಪ್ರವಾಸಿಗಳಿಗೆ ಗೊತ್ತು. ಫೋಟೊ ನೀವೂ ನೋಡಿರುತ್ತೀರಿ: ನೆಟ್ಟಗೆ ನಿಂತ ಬೂದು ಬಂಡೆ, ಅದರ ನಡುವೆ ಕೆಂಪು ಮರದ ಮಹಡಿಗಳು, ಕೆಳಗೆ ಸಣಕಲು ಕಂಬಗಳು. ಎಲ್ಲರೂ ಮಾತಾಡೋದು ಅದರ ಎತ್ತರದ ಬಗ್ಗೆ. ನನಗೆ ಅಲ್ಲಿಗೆ ಹೋಗಲೇಬೇಕು ಅನ್ನಿಸಿದ್ದು ಅದರ ತುದಿಯಲ್ಲಿರುವ ಒಂದು ಪುಟ್ಟ ಕೋಣೆಗೋಸ್ಕರ. ಅಲ್ಲಿ ಬುದ್ಧ, ಲಾವೋತ್ಸೆ, ಕನ್ಫ್ಯೂಷಿಯಸ್ ಮೂವರೂ ಅಕ್ಕಪಕ್ಕ ಕೂತಿದ್ದಾರೆ. ಬೌದ್ಧ, ತಾವೋ, ಕನ್ಫ್ಯೂಷಿಯಸ್ ಪಂಥ ಮೂರಕ್ಕೂ ಒಂದೇ ಛಾವಣಿ.

ಜೊತೆಗೆ ಅಕ್ಕ ಬಂದಳು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಿಯಾದವಳು, ಇತಿಹಾಸ ಅಂದ್ರೆ ಅವಳಿಗೆ ಜೀವ. ಹೊರಡೋ ಮೊದಲೇ ಅವಳು ಒಂದು ಮಾತು ಹೇಳಿದ್ದಳು. "ಸೀದಾ ಆ ಗುಡಿಗೆ ಹೋಗಬಾರದು ಕಣೆ. ಮೊದಲು ದಾತೊಂಗ್ ನೋಡೋಣ, ಹಿಂದೆ ರಾಜಧಾನಿಯಾಗಿದ್ದ ಊರು. ಅಲ್ಲಿನ ರಾಜರು ಏನೇನು ಮಾಡಿದ್ರು ಅಂತ ತಿಳ್ಕೊಂಡು ಆಮೇಲೆ ಹತ್ತೋಣ." ಆ ಮಾತು ಎಷ್ಟು ಸರಿ ಅಂತ ದಿನ ಕಳೆದ ಹಾಗೆ ನನಗೂ ಗೊತ್ತಾಯಿತು. ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ: ಬೀಜಿಂಗ್‌ನಿಂದ ದಾತೊಂಗ್

ಬೀಜಿಂಗ್‌ನಿಂದ ದಾತೊಂಗ್‌ಗೆ 2019ರ ಕೊನೆಯಿಂದ ಬುಲೆಟ್ ರೈಲು ಇದೆ, ಹೆಚ್ಚುಕಮ್ಮಿ ಎರಡು ಗಂಟೆ ದಾರಿ. ಟಿಕೆಟ್ಟಿಗೂ ಪಾಸ್‌ಪೋರ್ಟ್, ಸ್ಟೇಷನ್ ಒಳಗೆ ಹೋಗೋಕೂ ಪಾಸ್‌ಪೋರ್ಟ್. ಗುಡ್ಡ ದಾಟಿದ ಮೇಲೆ ಹಸಿರು ಕಡಿಮೆಯಾಗುತ್ತದೆ. ಹಳದಿ ಮಣ್ಣಿನ ದಿಬ್ಬಗಳು, ಮಧ್ಯೆ ಮಧ್ಯೆ ಮೆಕ್ಕೆಜೋಳದ ಹೊಲ. ದಾತೊಂಗ್ ಇರೋದು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಸ್ವಲ್ಪ ಮೇಲೆ. ಸೆಪ್ಟೆಂಬರ್ ಕೊನೆಯಲ್ಲೇ ಸಂಜೆ ಸ್ವೆಟರ್ ಬೇಕಾಯಿತು.

ಇದು ಕಲ್ಲಿದ್ದಲಿನ ಊರು. ತುಂಬಾ ಕಾಲ ಚೀನಾದವರಿಗೂ ದಾತೊಂಗ್ ಅಂದ್ರೆ ಮಸಿ, ಹೊಗೆ ಅಷ್ಟೇ ಆಗಿತ್ತು. ಈಗ ಆಕಾಶ ನೀಲಿಯಾಗಿ ಕಾಣುತ್ತದೆ. ಹಳೇ ಊರಿನ ಸುತ್ತ ಕೋಟೆ ಇದೆ. ಮೂಲ ಗೋಡೆ ಮಿಂಗ್ ರಾಜವಂಶದ ಕಾಲದ್ದು, 1372ರದ್ದು. ಅದು ಹಾಳಾಗಿ ಮಣ್ಣಿನ ದಿಬ್ಬ ಮಾತ್ರ ಉಳಿದಿತ್ತು, 2008ರಿಂದ ಈಚೆಗೆ ಇಟ್ಟಿಗೆ ಹೊದಿಸಿ ಮತ್ತೆ ಎಬ್ಬಿಸಿದರು. ಅದಕ್ಕಾಗಿ ಹಳೇ ಊರಿನ ಎಷ್ಟೋ ಮನೆಗಳು ನೆಲಸಮವಾದವು, ಜನ ಬೇರೆ ಕಡೆ ಹೋಗಬೇಕಾಯಿತು. ಗೋಡೆ ಚೆನ್ನಾಗಿದೆ, ಆದರೆ ಅದರ ಒಳಗಿನ ಬೀದಿಗಳು ತೀರಾ ಹೊಸದಾಗಿ ಕಾಣುತ್ತವೆ. ನನಗೆ ಅಷ್ಟು ಹಿಡಿಸಲಿಲ್ಲ.

ಹಿಡಿಸಿದ್ದು ದಾವ್‌ಶ್ಯಾವ್ ಮ್ಯೆನ್, ಅಂದರೆ ಚಾಕುವಿನಿಂದ ಹೆರೆದ ನೂಡಲ್ಸ್. ಕೋಟೆ ಒಳಗಿನ ಒಂದು ಸಣ್ಣ ಹೋಟೆಲಿನಲ್ಲಿ ತಿಂದೆವು. ಅಡುಗೆಯವನು ಗಟ್ಟಿ ಹಿಟ್ಟಿನ ದಪ್ಪ ಉಂಡೆಯನ್ನು ಎಡಗೈ ಮೇಲೆ ಇಟ್ಟುಕೊಂಡು, ಬಲಗೈಯಲ್ಲಿ ಬಾಗಿದ ತಗಡಿನ ಅಲಗು ಹಿಡಿದು, ಕುದಿಯೋ ನೀರಿಗೆ ನೇರವಾಗಿ ಹೆರೆದು ಹಾರಿಸುತ್ತಾನೆ. ಒಂದೊಂದು ಎಳೆಯೂ ನಡುವೆ ದಪ್ಪ, ಅಂಚಿನಲ್ಲಿ ತೆಳು. ನಾವು "ವೊ ಚ್ಶ್ ಸು" ಅಂದೆವು, ಸಸ್ಯಾಹಾರಿ ಅಂತ. ಟೊಮೆಟೊ ಮೊಟ್ಟೆ ಹಾಕಿದ್ದು ಕೊಟ್ಟರು. ಮೊಟ್ಟೆಯೂ ತಿನ್ನದವರು ಅದನ್ನು ಬೇರೆಯಾಗಿ ಹೇಳಬೇಕು. ಮೇಜಿನ ಮೇಲಿದ್ದ ಶಾನ್ಶಿಯ ಕಪ್ಪು ವಿನೆಗರ್ ಸುರಿದುಕೊಂಡು ತಿಂದರೆ ಅದರ ರುಚಿಯೇ ಬೇರೆ. ಅಕ್ಕ ಎರಡನೇ ಸಲ ಹಾಕಿಸಿಕೊಂಡಳು.

ಎರಡನೇ ದಿನ: ಯುನ್‌ಗಾಂಗ್ ಗುಹೆಗಳು

ಊರಿನಿಂದ ಪಶ್ಚಿಮಕ್ಕೆ ಸುಮಾರು 16 ಕಿಲೋಮೀಟರ್. ಇಲ್ಲಿಗೆ ಬರೋ ಮೊದಲು ಸ್ವಲ್ಪ ಕಥೆ ಗೊತ್ತಿರಬೇಕು, ಬಸ್ಸಿನಲ್ಲಿ ಅಕ್ಕ ನನಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ.

398ರಿಂದ 494ರವರೆಗೆ ದಾತೊಂಗ್ ರಾಜಧಾನಿಯಾಗಿತ್ತು. ಆಗ ಅದರ ಹೆಸರು ಪಿಂಗ್‌ಚೆಂಗ್. ಆಳಿದ್ದು ಉತ್ತರ ವೆಯ್ ರಾಜವಂಶ. ಇವರು ಹುಲ್ಲುಗಾವಲಿನಿಂದ ಕುದುರೆ ಏರಿ ಬಂದ ತೊಬಾ ಜನ, ಚೀನೀಯರಲ್ಲ. ಆ ವಂಶದ ತಾಯ್‌ವು ಅನ್ನೋ ಸಾಮ್ರಾಟ ತಾವೋ ಗುರು ಕೌ ಚ್ಯೆನ್‌ಜಿಯ ಶಿಷ್ಯನಾದ. ಆಸ್ಥಾನದಲ್ಲಿ ತ್ಸುಯಿ ಹಾವ್ ಅನ್ನೋ ಮಂತ್ರಿ ಇದ್ದ. ಕನ್ಫ್ಯೂಷಿಯಸ್ ಪಂಥದ ದೊಡ್ಡ ವಿದ್ವಾಂಸ, ಬೌದ್ಧರನ್ನು ಕಂಡರೆ ಆಗುತ್ತಿರಲಿಲ್ಲ. ಚಾಂಗ್‌ಆನ್ ನಗರದ ಒಂದು ವಿಹಾರದಲ್ಲಿ ಆಯುಧಗಳು ಸಿಕ್ಕವು ಅನ್ನೋದೇ ನೆಪವಾಯಿತು. 446ರಲ್ಲಿ ಆಜ್ಞೆ ಹೊರಟಿತು: ವಿಹಾರಗಳನ್ನು ಸುಡಿ, ವಿಗ್ರಹ ಒಡೆಯಿರಿ, ಭಿಕ್ಷುಗಳನ್ನು ಕೊಲ್ಲಿ. ಯುವರಾಜ ಆಜ್ಞೆ ಹೊರಡೋದನ್ನು ಬೇಕಂತಲೇ ತಡ ಮಾಡಿದ್ದರಿಂದ ತುಂಬಾ ಜನ ತಪ್ಪಿಸಿಕೊಂಡರು. ಇದರಲ್ಲಿ ಗಮನಿಸಬೇಕಾದ್ದು ಏನಂದ್ರೆ, ತಾವೋ ಗುರು ಕೌ ಚ್ಯೆನ್‌ಜಿ ಈ ಕೊಲೆಗಳನ್ನು ವಿರೋಧಿಸಿದ್ದ, ಮಂತ್ರಿಯ ಜೊತೆ ವಾದ ಮಾಡಿದ್ದ. ಮಂತ್ರಿ ಕೇಳಲಿಲ್ಲ.

ಮುಂದಿನದ್ದು ಬೇಗ ಬೇಗ ನಡೆಯಿತು. 448ರಲ್ಲಿ ಗುರು ತೀರಿಕೊಂಡ. 450ರಲ್ಲಿ ಮಂತ್ರಿಗೆ ಸಾಮ್ರಾಟನೇ ಮರಣದಂಡನೆ ಕೊಟ್ಟ. 452ರಲ್ಲಿ ಸಾಮ್ರಾಟನ ಕೊಲೆಯಾಯಿತು. ಪಟ್ಟಕ್ಕೆ ಬಂದ ಮೊಮ್ಮಗ ವೆನ್‌ಚೆಂಗ್ ನಿಷೇಧ ತೆಗೆದುಹಾಕಿದ. 460ರಲ್ಲಿ ಥಾನ್ ಯಾವ್ ಅನ್ನೋ ಭಿಕ್ಷು ಈ ಯುನ್‌ಗಾಂಗ್ ಬೆಟ್ಟದಲ್ಲಿ ಗುಹೆ ಕೊರೆಸೋಕೆ ಶುರು ಮಾಡಿದ.

ಆತ ಕೊರೆಸಿದ ಐದು ಗುಹೆಗಳಿಗೆ ಈಗ 16ರಿಂದ 20 ಅಂತ ನಂಬರ್ ಕೊಟ್ಟಿದ್ದಾರೆ. ಐದು ದೊಡ್ಡ ಬುದ್ಧರು ಐದು ಸಾಮ್ರಾಟರಿಗಾಗಿ ಅಂತ ಹೇಳುತ್ತಾರೆ. 20ನೇ ಗುಹೆಯ ಎದುರಿನ ಗೋಡೆ ಯಾವಾಗಲೋ ಕುಸಿದಿದೆ, ಹಾಗಾಗಿ ಬುದ್ಧ ಬಯಲಿನಲ್ಲೇ ಕೂತಿದ್ದಾನೆ. 13.7 ಮೀಟರ್ ಎತ್ತರ. ಅಗಲ ಮುಖ, ನೇರ ಮೂಗು, ಭುಜಕ್ಕೆ ಅಂಟಿದ ಚೀವರ. ಅಕ್ಕ ಅಲ್ಲಿ ನಿಂತು ಹೇಳಿದಳು, "ತಾತ ಸುಟ್ಟ, ಮೊಮ್ಮಗ ಕಟ್ಟಿಸಿದ. ಮಧ್ಯ ಹದಿನಾಲ್ಕೇ ವರ್ಷ ನೋಡು." ಸುಟ್ಟವನಿಗೂ ಒಬ್ಬ ಬುದ್ಧನನ್ನು ಕಡೆದು ಇಟ್ಟಿದ್ದಾರೆ ಅನ್ನೋದು ನನಗೆ ತುಂಬಾ ಹೊತ್ತು ತಲೆಯಲ್ಲಿ ಕೊರೆಯುತ್ತಿತ್ತು.

ಒಟ್ಟು ದೊಡ್ಡ ಗುಹೆಗಳು 45, ವಿಗ್ರಹಗಳು 51,000ಕ್ಕೂ ಜಾಸ್ತಿ. 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 5 ಮತ್ತು 6ನೇ ಗುಹೆಗೆ ಕ್ಯೂ ಇರುತ್ತದೆ, ಆದ್ದರಿಂದ ಬೆಳಗ್ಗೆಯೇ ಅಲ್ಲಿಗೆ ಹೋಗಿ.

ಕನ್ನಡದವರು ಯಾರಾದ್ರೂ ಹೋದರೆ 8ನೇ ಗುಹೆಯನ್ನು ಮಾತ್ರ ತಪ್ಪಿಸಬೇಡಿ. ಅದರ ಬಾಗಿಲ ಎರಡು ಒಳಪಕ್ಕಗಳನ್ನು ತಲೆ ಎತ್ತಿ ನೋಡಿ. ಒಂದು ಕಡೆ ಮೂರು ಮುಖ, ಎಂಟು ಕೈಯ ಶಿವ, ಮಲಗಿದ ಹೋರಿಯ ಮೇಲೆ ಕೂತಿದ್ದಾನೆ. ಕೈಯಲ್ಲಿ ಸೂರ್ಯ, ಚಂದ್ರ, ಬಿಲ್ಲು, ಮತ್ತೆ ಒಂದು ದ್ರಾಕ್ಷಿ ಗೊಂಚಲು! ಇನ್ನೊಂದು ಕಡೆ ಐದು ತಲೆ, ಆರು ಕೈ, ಹಕ್ಕಿಯ ಮೇಲೆ ಕೂತ ದೇವರು. ನವಿಲಿನ ಮೇಲಿನ ಕುಮಾರಸ್ವಾಮಿ ಅಂತ ಕೆಲವರು, ಗರುಡನ ಮೇಲಿನ ವಿಷ್ಣು ಅಂತ ಇನ್ನು ಕೆಲವರು ಹೇಳುತ್ತಾರೆ. ಹಕ್ಕಿ ಕೊಕ್ಕಿನಲ್ಲಿ ಮುತ್ತು ಕಚ್ಚಿಕೊಂಡಿದೆ. ಇಬ್ಬರಿಗೂ ದುಂಡು ಕೆನ್ನೆ, ತುಟಿಯಲ್ಲಿ ನಗು. ಇಲ್ಲಿ ಅವರು ಬುದ್ಧನ ಬಾಗಿಲು ಕಾಯೋರು. ಬೌದ್ಧ ಧರ್ಮ ಹೊರಟಾಗ ದಾರಿಯಲ್ಲಿ ಯಾರನ್ನೂ ಬಿಟ್ಟು ಬರಲಿಲ್ಲ, ಎಲ್ಲರಿಗೂ ಒಂದು ಜಾಗ ಮಾಡಿಕೊಟ್ಟಿದೆ. ಅಕ್ಕ ಶಿವನಿಗೆ ಕೈ ಮುಗಿದಳು. ಪಕ್ಕದಲ್ಲಿದ್ದ ಚೀನೀ ಹುಡುಗಿಯೊಬ್ಬಳು ಫೋನಿನ ಅನುವಾದದಲ್ಲಿ ಇವರು ಯಾರು ಅಂತ ಕೇಳಿದಳು. ಅಕ್ಕ ಅಲ್ಲೇ ಒಂದು ಪಾಠ ಮಾಡಿಬಿಟ್ಟಳು, ಆ ಹುಡುಗಿಯೂ ಪೂರ್ತಿ ಕೇಳಿದಳು.

ಮೂರನೇ ದಿನ: ನೇತಾಡುವ ಗುಡಿ

ದಾತೊಂಗ್‌ನಿಂದ ಆಗ್ನೇಯಕ್ಕೆ ಸುಮಾರು 65 ಕಿಲೋಮೀಟರ್. ಬಸ್ಸುಗಳಿವೆ. ನಾವು ಕಾರು ಮಾಡಿಕೊಂಡೆವು, ಯಾಕಂದ್ರೆ ರಾತ್ರಿ ಹುನ್‌ಯುವಾನ್‌ನಲ್ಲೇ ಉಳಿದು ಮಾರನೇ ದಿನ ಬೇರೆ ಜಾಗಗಳಿಗೂ ಹೋಗಬೇಕಿತ್ತು. ಡ್ರೈವರನ್ನು ಇಲ್ಲಿ "ಶ್ಫು" ಅಂತ ಕರೀತಾರೆ, ಕೆಲಸ ಬಲ್ಲವರಿಗೆ ಕೊಡೋ ಮರ್ಯಾದೆ. ನಾವೂ ಹಾಗೇ ಕರೆದೆವು. ಖುಷಿಯಾಯಿತು ಅವರಿಗೆ.

ಹತ್ತೋಕೆ ಬೇರೆ ಟಿಕೆಟ್ ಇದೆ, ಅದು 100 ಯುವಾನ್. ಕೆಳಗಿಂದ ನೋಡೋಕೆ ಅಂತಲೇ ಕಡಿಮೆ ದುಡ್ಡಿನ ಟಿಕೆಟ್ ಬೇರೆ. ಒಂದು ಹೊತ್ತಿಗೆ ಇಷ್ಟೇ ಜನ ಅಂತ ಮಿತಿ ಇರೋದ್ರಿಂದ ಮೊದಲೇ ಬುಕ್ ಮಾಡಿಕೊಳ್ಳಬೇಕು. 2024ರಲ್ಲಿ ಬಂದ ಒಂದು ವಿಡಿಯೊ ಗೇಮಿನಲ್ಲಿ ಶಾನ್ಶಿಯ ಹಳೇ ಗುಡಿಗಳನ್ನು ತೋರಿಸಿದ ಮೇಲಂತೂ ಹುಡುಗರು ಗುಂಪು ಗುಂಪಾಗಿ ಬರುತ್ತಾರೆ. ಕ್ಯೂನಲ್ಲಿ ನಮ್ಮ ಮುಂದೆ ಇದ್ದವರೆಲ್ಲ ಅಂಥವರೇ. ಅವರನ್ನು ನೋಡಿ ನನಗೆ ಒಳ್ಳೇದೇ ಅನ್ನಿಸಿತು. ಯಾವ ನೆಪದಲ್ಲಿ ಬಂದರೇನು, ವಿಗ್ರಹಗಳ ಮುಂದೆ ನಿಂತು ಬೋರ್ಡು ಓದುತ್ತಿದ್ದರು.

ಕಣಿವೆ ಇಕ್ಕಟ್ಟು. ಎದುರಿಗೆ ಹೆಂಗ್‌ಶಾನ್ ಬೆಟ್ಟ, ಗುಡಿಯ ಬೆನ್ನಿಗೆ ಚುಯಿಪಿಂಗ್ ಶಿಖರ. ಕೆಳಗಿಂದ ನೋಡಿದಾಗ ಮೊದಲು ಗುಡಿ ಸಣ್ಣದು ಅನ್ನಿಸುತ್ತದೆ. ಬಂಡೆ ಅಷ್ಟು ದೊಡ್ಡದು. ಗುಡಿಯ ಮೇಲೆ ಬಂಡೆ ಹೊರಕ್ಕೆ ಚಾಚಿಕೊಂಡಿದೆ, ಗುಡಿ ಅದರ ಹೊಟ್ಟೆಯ ಒಳಬಾಗಿದ ಭಾಗದಲ್ಲಿದೆ. ಮೇಲಿಂದ ಸುರಿಯೋ ಮಳೆ ನೇರವಾಗಿ ಗುಡಿಗೆ ತಾಗುವುದಿಲ್ಲ. ಎದುರಿನ ಬೆಟ್ಟ ಅಡ್ಡ ಇರೋದ್ರಿಂದ ಬಿಸಿಲೂ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ. ಮಳೆ, ಬಿಸಿಲು ಎರಡೂ ಕಡಿಮೆ ಆದರೆ ಮರ ಬಾಳಿಕೆ ಬರುತ್ತದೆ ಅಲ್ವಾ? ಕೆಳಗೆ ನದಿ ಉಕ್ಕಿದರೂ ನೀರು ಇಲ್ಲಿಗೆ ಮುಟ್ಟುವುದಿಲ್ಲ. ಈಗ ನೆಲದಿಂದ ಸುಮಾರು 50 ಮೀಟರ್ ಮೇಲಿದೆ. ಹಿಂದೆ 90 ಇತ್ತು, ಕಣಿವೆಯಲ್ಲಿ ಹೂಳು ತುಂಬಿ ತುಂಬಿ ಕಡಿಮೆಯಾಗಿದೆ ಅಂತಾರೆ.

ಬುಡದಲ್ಲಿ ಒಂದು ಬಂಡೆಯ ಮೇಲೆ ಎರಡು ದೊಡ್ಡ ಅಕ್ಷರಗಳಿವೆ. ಕವಿ ಲಿ ಬಾಯ್ ಬರೆದದ್ದು ಅಂತ ಪ್ರತೀತಿ. ಎಲ್ಲರೂ ಅಲ್ಲಿ ಫೋಟೊಗೆ ನಿಲ್ಲುತ್ತಾರೆ. ನಾವು ನಿಲ್ಲಲಿಲ್ಲ, ಹತ್ತೋ ಆತುರ.

ಗುಡಿ ಹೇಗೆ ನಿಂತಿದೆ ಅಂತ ಹೇಳಲೇಬೇಕು. ಕೆಳಗಿಂದ ಕಾಣೋ ಸಣಕಲು ಕಂಬಗಳು ಭಾರ ಹೊತ್ತಿವೆ ಅಂತ ನಾನೂ ಅಂದುಕೊಂಡಿದ್ದೆ. ನಿಜವಾದ ಭಾರ ಇರೋದು ಬಂಡೆಯೊಳಗೆ ಹೂತ ಅಡ್ಡ ತೊಲೆಗಳ ಮೇಲೆ. ಅಂಥ 27 ತೊಲೆಗಳಿವೆ. ಮೊದಲು ಬಂಡೆಗೆ ರಂಧ್ರ ಕೊರೆದರು, ಬಾಯಿ ಸಣ್ಣದು, ಒಳಗೆ ಅಗಲ. ತೊಲೆಯ ತುದಿಯನ್ನು ಸೀಳಿ ಅದಕ್ಕೆ ಬೆಣೆ ಇಟ್ಟರು. ತೊಲೆಯನ್ನು ಒಳಕ್ಕೆ ಬಡಿದ ಹಾಗೆ ಬೆಣೆ ತಳಕ್ಕೆ ತಾಗಿ ಸೀಳಿನೊಳಗೆ ಇಳಿಯುತ್ತದೆ, ತುದಿ ಅರಳಿ ಬಂಡೆಯನ್ನು ಕಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಗುದ್ದಲಿ ಕಾವಿಗೆ ಬೆಣೆ ಹೊಡೀತಾರಲ್ಲ, ಅದೇ ಉಪಾಯ. ಮರಕ್ಕೆ ಟಂಗ್ ಅನ್ನೋ ಮರದ ಬೀಜದ ಎಣ್ಣೆ ಉಣಿಸಿದ್ದಾರೆ, ಹುಳ ಹಿಡಿಯದ ಹಾಗೆ. ಕೆಳಗಿನ ಕಂಬಗಳಲ್ಲಿ ಕೆಲವನ್ನು ಆಮೇಲೆ ಸೇರಿಸಿದ್ದು, ಹತ್ತೋ ಜನರಿಗೆ ಧೈರ್ಯ ಬರಲಿ ಅಂತ. ಒಂದೆರಡು ಕಂಬ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತವಂತೆ. ನಾನು ಅಲ್ಲಾಡಿಸಲು ಹೋಗಲಿಲ್ಲ. ಲಕ್ಷಾಂತರ ಜನ ಮುಟ್ಟೋ ಜಾಗ, ಸುಮ್ನೆ ಯಾಕೆ?

ಕಟ್ಟಿದ್ದು 491ರಲ್ಲಿ ಅಂತ ಪರಂಪರೆ, ಲ್ಯಾವ್‌ರಾನ್ ಅನ್ನೋ ಭಿಕ್ಷುವಿನ ಹೆಸರು ಹೇಳುತ್ತಾರೆ. ಅಂದರೆ ಅದೇ ಉತ್ತರ ವೆಯ್ ಕಾಲ, ರಾಜಧಾನಿ ಪಿಂಗ್‌ಚೆಂಗ್‌ನಿಂದ ಲುವೊಯಾಂಗ್‌ಗೆ ಹೋಗೋದಕ್ಕೆ ಸ್ವಲ್ಪ ಮುಂಚೆ. ಇನ್ನೊಂದು ಕಥೆ ನಿನ್ನೆ ಹೇಳಿದ ತಾವೋ ಗುರುವಿನದು. ಕೋಳಿ ಕೂಗು, ನಾಯಿ ಬೊಗಳು ಕೇಳಿಸದಷ್ಟು ಎತ್ತರದಲ್ಲಿ ಒಂದು ಮಂದಿರ ಇರಬೇಕು ಅನ್ನೋದು ಕೌ ಚ್ಯೆನ್‌ಜಿಯ ಆಸೆಯಾಗಿತ್ತಂತೆ, ಆತ ಹೋದ ಮೇಲೆ ಈ ಗುಡಿಯಿಂದ ಅದು ಈಡೇರಿತಂತೆ. ಈಗ ನಾವು ನೋಡೋ ಕಟ್ಟಡ ಬಹುಪಾಲು ಮಿಂಗ್, ಚಿಂಗ್ ರಾಜವಂಶಗಳ ಕಾಲದಲ್ಲಿ ರಿಪೇರಿಯಾದದ್ದು. 1633ರಲ್ಲಿ ಶು ಶ್ಯಾಕ ಅನ್ನೋ ಪ್ರವಾಸಿ ಇಲ್ಲಿಗೆ ಬಂದು ಜಗತ್ತಿನ ದೊಡ್ಡ ನೋಟ ಅಂತ ಬರೆದಿಟ್ಟ. ಚೀನಾದ ಪ್ರವಾಸ ಕಥನಗಳಲ್ಲಿ ಆತನದ್ದೇ ದೊಡ್ಡ ಹೆಸರು.

ಒಳಗೆ ಒಮ್ಮುಖ ದಾರಿ. ಒಬ್ಬರ ಹಿಂದೆ ಒಬ್ಬರು. ಕಟಕಟೆ ನನ್ನ ಸೊಂಟಕ್ಕಿಂತ ಕೆಳಗೇ ಇತ್ತು. ಮೆಟ್ಟಿಲುಗಳು ತೀರಾ ಕಡಿದು, ಹಲಗೆ ಸವೆದು ನಡುವೆ ಗುಳಿ ಬಿದ್ದಿದೆ. ಕಾಲಿಟ್ಟಾಗ ಸಣ್ಣಗೆ ಕಿರ್ ಅನ್ನುತ್ತದೆ. ಅಕ್ಕನಿಗೆ ಎತ್ತರ ಅಂದ್ರೆ ಸ್ವಲ್ಪ ಭಯ, ಬಂಡೆ ಕಡೆಗೇ ಒತ್ತಿಕೊಂಡು ನಡೆದಳು. "ಕೆಳಗೆ ನೋಡು ಅಂತ ಮಾತ್ರ ಹೇಳಬೇಡ" ಅಂದಳು. ನಾನು ಹೇಳಲಿಲ್ಲ.

ಇಡೀ ಗುಡಿಯಲ್ಲಿ 40 ಕೋಣೆಗಳು. ಎಲ್ಲವೂ ಚಿಕ್ಕವು. ಮೂರು ಮಹಡಿಯ ಎರಡು ಮುಖ್ಯ ಕಟ್ಟಡಗಳು ದಕ್ಷಿಣಕ್ಕೊಂದು ಉತ್ತರಕ್ಕೊಂದು, ನಡುವೆ ಬಂಡೆಗೆ ಅಂಟಿದ ಹಲಗೆ ಸೇತುವೆ. ದಕ್ಷಿಣದ ಕಟ್ಟಡದ ಕೆಳ ಮಹಡಿಯಲ್ಲಿ ಲ್ಯು ದೊಂಗ್‌ಬಿನ್, ತಾವೋ ಪಂಥದ ಎಂಟು ಅಮರರಲ್ಲಿ ಒಬ್ಬ. ನಡು ಮಹಡಿಯಲ್ಲಿ ಆಕಾಶ, ಭೂಮಿ, ನೀರು ಮೂರಕ್ಕೆ ಒಬ್ಬೊಬ್ಬರಂತೆ ಮೂವರು ತಾವೋ ಅಧಿಕಾರಿ ದೇವರುಗಳು. ಅವರ ತಲೆ ಮೇಲಿನ ಮಹಡಿಯಲ್ಲಿ ಬುದ್ಧ. ಉತ್ತರದ ಕಟ್ಟಡದಲ್ಲಿ ಕೆಳಗೆ ಬುದ್ಧರು, ನಡುವೆ ಗ್ವಾನ್‌ಯಿನ್, ಅಂದರೆ ನಮ್ಮ ಅವಲೋಕಿತೇಶ್ವರ ಅಲ್ಲಿ ಹೆಣ್ಣಾಗಿ ನಿಂತ ರೂಪ. ಎಲ್ಲಕ್ಕಿಂತ ಮೇಲೆ ಮೂರು ಪಂಥಗಳ ಕೋಣೆ.

ಸೇತುವೆ ದಾಟಿ, ಏಣಿಯಂಥ ಮೆಟ್ಟಿಲು ಹತ್ತಿ ಆ ಬಾಗಿಲ ಮುಂದೆ ನಿಂತೆ. ಒಳಗೆ ಬಿಡೋದಿಲ್ಲ, ಹೊರಗಿಂದಲೇ ನೋಡಬೇಕು. ನಡುವೆ ಶಾಕ್ಯಮುನಿ, ಎರಡು ಪಕ್ಕ ಲಾವೋತ್ಸೆ ಮತ್ತು ಕನ್ಫ್ಯೂಷಿಯಸ್. ಒಬ್ಬರಿಂದ ಒಬ್ಬರಿಗೆ ಹೆಚ್ಚು ದೂರವಿಲ್ಲ. ಯುನ್‌ಗಾಂಗ್‌ನ ದೊಡ್ಡ ಬುದ್ಧನನ್ನು ನೋಡಿ ಬಂದ ಕಣ್ಣಿಗೆ ಇವರು ಮನೆಯ ಹಿರಿಯರಷ್ಟೇ ದೊಡ್ಡವರಾಗಿ ಕಂಡರು. ಹಿಂದೆ ಜನ ಕಾಯುತ್ತಿದ್ದರು, ಆದರೂ ನಾನು ಅಲ್ಲೇ ಒಂದು ಪಕ್ಕಕ್ಕೆ ಸರಿದು ನಿಂತೆ.

ನಮ್ಮ ಮುಂದೆ ಒಬ್ಬ ಅಜ್ಜಿ, ಜೊತೆಗೆ ಹೈಸ್ಕೂಲು ವಯಸ್ಸಿನ ಮೊಮ್ಮಗ. ಅಜ್ಜಿ ಮೂವರಿಗೂ ಮೂರು ಮೂರು ಸಲ ಬಾಗಿ ನಮಸ್ಕಾರ ಮಾಡಿದರು. ಆಮೇಲೆ ಹುಡುಗನ ಭುಜ ಹಿಡಿದು ಕನ್ಫ್ಯೂಷಿಯಸ್ ಕಡೆಗೆ ತಿರುಗಿಸಿ ಏನೋ ಹೇಳಿದರು. ಪರೀಕ್ಷೆ ವಿಷಯ ಅಂತ ಭಾಷೆ ಬಾರದ ನಮಗೂ ತಿಳಿಯಿತು. ಓದಿಗೆ, ಕೆಲಸಕ್ಕೆ, ಮನೆಯ ಹಿರಿಯರ ಮರ್ಯಾದೆಗೆ ಕನ್ಫ್ಯೂಷಿಯಸ್. ಮೈ ಆರೋಗ್ಯಕ್ಕೆ, ಮಳೆ ಬೆಳೆಗೆ, ಆಯುಸ್ಸಿಗೆ ತಾವೋ ದೇವರುಗಳು. ಸತ್ತವರ ಸದ್ಗತಿಗೆ, ದುಃಖಕ್ಕೆ ಬುದ್ಧ. ಚೀನಾದ ಸಾಮಾನ್ಯ ಜನ ಈ ಮೂರನ್ನೂ ಬದುಕಿನಲ್ಲಿ ಎಷ್ಟೋ ಕಾಲದಿಂದ ಹೀಗೇ ಇಟ್ಟುಕೊಂಡು ಬಂದಿದ್ದಾರೆ. ಯಾವುದಕ್ಕೆ ಸೇರಿದವರು ನೀವು ಅಂತ ಆ ಅಜ್ಜಿಯನ್ನು ಕೇಳಿದ್ರೆ ಪ್ರಶ್ನೆಯೇ ಅವರಿಗೆ ಅರ್ಥ ಆಗುತ್ತಿರಲಿಲ್ಲವೇನೋ.

ಅಕ್ಕ ಬೇರೆಯದನ್ನೇ ಯೋಚನೆ ಮಾಡುತ್ತಿದ್ದಳು. "ನಡುವಿನ ಜಾಗ ಯಾರಿಗೆ ಅನ್ನೋದರಲ್ಲೇ ಜಗಳ ಶುರುವಾಗೋದು ಅಲ್ವೇನೇ?" ಅಂದಳು. ಅದು ನಿಜವೂ ಹೌದು. ಮೂರು ಪಂಥ ಒಂದೇ ಅನ್ನೋ ಮಾತು ಬಲ ಪಡೆದದ್ದು ಈ ಗುಡಿ ಹುಟ್ಟಿ ಎಷ್ಟೋ ಶತಮಾನ ಆದ ಮೇಲೆ. 12ನೇ ಶತಮಾನದಲ್ಲಿ, ನಮ್ಮಲ್ಲಿ ಬಸವಣ್ಣನವರು ಇದ್ದ ಕಾಲದಲ್ಲೇ, ಅಲ್ಲಿ ವಾಂಗ್ ಚೊಂಗ್‌ಯಾಂಗ್ ಅನ್ನೋ ತಾವೋ ಗುರು ಚ್ವಾನ್‌ಜೆನ್ ಪಂಥ ಶುರು ಮಾಡಿದ. ಶಿಷ್ಯರಿಗೆ ಲಾವೋತ್ಸೆಯ ದಾವ್ ದ ಜಿಂಗ್, ಬೌದ್ಧರ ಹೃದಯ ಸೂತ್ರ, ಕನ್ಫ್ಯೂಷಿಯಸ್ ಪಂಥದವರು ತಂದೆತಾಯಿಯ ಸೇವೆ ಬಗ್ಗೆ ಬರೆದ ಗ್ರಂಥ, ಮೂರನ್ನೂ ಓದಿ ಅಂದ. ಮುಂದೆ ಮೂವರನ್ನೂ ಒಟ್ಟಿಗೆ ಕೂರಿಸಿದ ಮಂದಿರಗಳು ಊರೂರಲ್ಲಿ ಎದ್ದವು. 18ನೇ ಶತಮಾನದಲ್ಲಿ ಚಿಂಗ್ ಸರ್ಕಾರಕ್ಕೆ ಇದು ಸರಿಬರಲಿಲ್ಲ. ಬುದ್ಧ ನಡುವೆ, ಕನ್ಫ್ಯೂಷಿಯಸ್ ಒಂದು ಪಕ್ಕಕ್ಕೆ ಕೂರೋದು ಅಂದ್ರೆ ಕನ್ಫ್ಯೂಷಿಯಸ್‌ಗೆ ಅವಮಾನ ಅಂತ ಇಂಥ ಮಂದಿರಗಳನ್ನು ನಿಷೇಧಿಸಿದರು. ಅಂದರೆ ಈ ಸಾಮರಸ್ಯ ಯಾರೋ ಒಬ್ಬರು ಒಮ್ಮೆ ಮಾಡಿಟ್ಟದ್ದಲ್ಲ. ಬಡಿದಾಟ ಆಗಿದೆ, ಕೊಲೆ ಆಗಿದೆ, ನಿಷೇಧ ಆಗಿದೆ. ಪ್ರತಿ ಸಲ ಯಾರಾದ್ರೂ ಮತ್ತೆ ವಿಗ್ರಹಗಳನ್ನು ತಂದು ಪಕ್ಕ ಪಕ್ಕ ಇಟ್ಟಿದ್ದಾರೆ. ಪ್ರವಾಸದ ಪುಸ್ತಿಕೆಗಳಲ್ಲಿ "ಮೂರು ಧರ್ಮಗಳ ಸಂಗಮ" ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಆ ಸಾಲಿನ ಹಿಂದೆ ಇಷ್ಟು ರಕ್ತ, ಇಷ್ಟು ಹಟ ಇದೆ ಅಂತ ತಿಳಿದ ಮೇಲೆ ಆ ಪುಟ್ಟ ಕೋಣೆಯ ಬಗ್ಗೆ ನನಗಿದ್ದ ಗೌರವ ಇನ್ನೂ ಜಾಸ್ತಿಯಾಯಿತು.

ಗೈಡುಗಳು ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಈ ಕಣಿವೆ ಹಳೇ ದಾರಿ. ವ್ಯಾಪಾರಿಗಳು, ಯಾತ್ರಿಕರು, ಸೈನಿಕರು ಎಲ್ಲರೂ ಓಡಾಡುತ್ತಿದ್ದರು. ಬೇರೆ ಪಂಥದ ಗುಡಿಯಲ್ಲಿ ಉಳಿಯೋಕೆ ಹಿಂಜರಿಯೋ ಜನಕ್ಕೂ ಇಲ್ಲಿ ತಮ್ಮವನು ಒಬ್ಬ ಇದ್ದ. ಗುಡಿ ಉಳಿದದ್ದಕ್ಕೂ ಅದೇ ಕಾರಣ, ಯಾವ ಪಂಥದವನು ಒಡೆಯೋಕೆ ಬಂದರೂ ಒಳಗೆ ತನ್ನ ಗುರುವೂ ಇರುತ್ತಿದ್ದ ಅಂತ. ಇದಕ್ಕೆ ದಾಖಲೆ ಕೇಳೋಕಾಗಲ್ಲ, ಆದರೆ ನಂಬೋಕೆ ಕಷ್ಟವೇನೂ ಅನ್ನಿಸಲಿಲ್ಲ.

ಕೆಳಗಿಳಿದ ಮೇಲೆ ಹುನ್‌ಯುವಾನ್ ಊರಿನಲ್ಲಿ ರೂಮು. ರಾತ್ರಿ ಊರಿನ ಹೆಸರುವಾಸಿ ಲ್ಯಾಂಗ್‌ಫೆನ್ ತಿಂದೆವು. ಆಲೂಗಡ್ಡೆ ಹಿಟ್ಟಿನ ತಣ್ಣನೆ ಜೆಲ್ಲಿಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಮೇಲೆ ವಿನೆಗರ್, ಕೆಂಪು ಮೆಣಸಿನಕಾಯಿ ಎಣ್ಣೆ, ತೋಫು ತುಂಡು, ಹುರಿದ ಗರಿಗರಿ ಕಾಳು. ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು.

ನಾಲ್ಕನೇ ದಿನ: ಯೊಂಗ್‌ಆನ್ ಗುಡಿ, ಹೆಂಗ್‌ಶಾನ್, ಯಿಂಗ್‌ಶ್ಯೆನ್

ನೇತಾಡುವ ಗುಡಿ ನೋಡಿದವರಲ್ಲಿ ಹೆಚ್ಚಿನವರು ಹುನ್‌ಯುವಾನ್ ಊರೊಳಗೆ ಹೋಗೋದೇ ಇಲ್ಲ. ದಯವಿಟ್ಟು ಹೋಗಿ. ಅಲ್ಲಿ ಯೊಂಗ್‌ಆನ್ ಅನ್ನೋ ಬೌದ್ಧ ಗುಡಿ ಇದೆ, ಯುವಾನ್ ಅನ್ನೋ ಮಂಗೋಲ್ ರಾಜವಂಶದ ಕಾಲದ ದೊಡ್ಡ ಮಂಟಪ. ನಾವು ಹೋದಾಗ ಒಳಗೆ ಬೇರೆ ಯಾರೂ ಇರಲಿಲ್ಲ. ಒಳಗೋಡೆಗಳ ತುಂಬಾ ಚಿತ್ರ. ನೀರಿನಲ್ಲಿ, ನೆಲದ ಮೇಲೆ ಎಲ್ಲೆಲ್ಲಿ ಯಾರ್ಯಾರು ಸತ್ತಿದ್ದಾರೋ ಅವರಿಗೆಲ್ಲ ಅನ್ನ ಕೊಟ್ಟು ಮುಕ್ತಿ ಕೊಡಿಸೋ ಒಂದು ಬೌದ್ಧ ವಿಧಿ ಇದೆ, ಶುಯಿಲು ಅಂತಾರೆ. ಆ ವಿಧಿಗೆ ಕರೆಸಿಕೊಂಡವರೆಲ್ಲ ಗೋಡೆ ಮೇಲೆ ಸಾಲಾಗಿ ಬರುತ್ತಿದ್ದಾರೆ, ನೂರಾರು ಜನ. ಬೋಧಿಸತ್ವರು, ತಾವೋ ದೇವತೆಗಳು, ಹಳೇ ರಾಜರು, ನಿಷ್ಠಾವಂತ ಮಂತ್ರಿಗಳು, ಜೊತೆಗೆ ಅಕಾಲದಲ್ಲಿ ಸತ್ತ ಸಾಮಾನ್ಯ ಜನ. ನೇತಾಡುವ ಗುಡಿಯ ಮೇಲಿನ ಕೋಣೆಯಲ್ಲಿ ಮೂವರು ಗುರುಗಳು ಕೂತಿದ್ದರೆ, ಇಲ್ಲಿ ಅವರ ಹಿಂದಿನ ಇಡೀ ಲೋಕವೇ ನಡೆದು ಬರುತ್ತಿದೆ. ಅಕ್ಕ ಗೋಡೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಈ ಪ್ರವಾಸದಲ್ಲಿ ಅವಳಿಗೆ ತುಂಬಾ ಇಷ್ಟವಾದದ್ದು ಇದೇ.

ಹೆಂಗ್‌ಶಾನ್ ಚೀನಾದ ಐದು ಪವಿತ್ರ ಪರ್ವತಗಳಲ್ಲಿ ಉತ್ತರ ದಿಕ್ಕಿನದು, ತಾವೋ ಪಂಥದ ಬೆಟ್ಟ. ತುದಿ 2016 ಮೀಟರ್. ಕೇಬಲ್ ಕಾರಿನಲ್ಲಿ ಹೋದೆವು. ಉತ್ತರ ಪರ್ವತಕ್ಕೆ ಸಾಮ್ರಾಟರ ಪೂಜೆ ಮೊದಲು ಹಬೆಯ್ ಪ್ರಾಂತ್ಯದ ಚುಯಾಂಗ್‌ನಲ್ಲಿ ನಡೆಯುತ್ತಿತ್ತು, 1660ರಲ್ಲಿ ಇಲ್ಲಿಗೆ ಬಂತು. ಗಾಳಿ ಜೋರಾಗಿತ್ತು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಧ್ಯಾಹ್ನ ಯಿಂಗ್‌ಶ್ಯೆನ್. ಅಲ್ಲಿನ ಮರದ ಗೋಪುರ 1056ರದ್ದು, ಲ್ಯಾವ್ ರಾಜರ ಕಾಲ. 67.31 ಮೀಟರ್ ಎತ್ತರ, ಎಂಟು ಮೂಲೆ, ಒಂದು ಮೊಳೆಯ ಮೇಲೂ ನಿಂತಿಲ್ಲ, ಎಲ್ಲ ಮರಕ್ಕೆ ಮರ ಸಿಕ್ಕಿಸಿದ್ದು. ಹೊರಗಿಂದ ಐದು ಮಹಡಿ, ಒಳಗೆ ಮರೆಯಾದ ನಾಲ್ಕು ಸೇರಿ ಒಂಬತ್ತು. 1926ರಲ್ಲಿ ಸೇನಾಪತಿಗಳ ಕಾದಾಟದಲ್ಲಿ ಗುಂಡು ಬಿದ್ದು ಪೆಟ್ಟಾಯಿತು, ಈಗ ಸ್ವಲ್ಪ ವಾಲಿದೆ. ಮೇಲೆ ಬಿಡೋದಿಲ್ಲ. ನೆಲ ಮಹಡಿಯಲ್ಲಿ 11 ಮೀಟರಿನ ಬುದ್ಧ. ಗೋಪುರದ ಸುತ್ತ ಗುಂಪು ಗುಂಪಾಗಿ ಹಕ್ಕಿಗಳು ಹಾರುತ್ತವೆ, ಶ್ಫು ಅದನ್ನು ತೋರಿಸಲೆಂದೇ ಕಾರು ದೂರ ನಿಲ್ಲಿಸಿದ್ದರು.

ಕೊನೆಯ ದಿನ: ದಾತೊಂಗ್ ಊರೊಳಗೆ

ಬೆಳಗ್ಗೆ ಹುವಾಯಾನ್ ಗುಡಿ. ಚೀನಾದ ಗುಡಿಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿರುತ್ತವೆ, ಇದು ಪೂರ್ವಕ್ಕೆ. ಲ್ಯಾವ್ ರಾಜರು ಖಿತಾನ್ ಜನ, ಸೂರ್ಯನನ್ನು ಪೂಜಿಸುತ್ತಿದ್ದರು, ಬೌದ್ಧರಾದ ಮೇಲೂ ಆ ದಿಕ್ಕು ಬಿಡಲಿಲ್ಲ. ಇಲ್ಲಿನ 1038ರ ಗ್ರಂಥ ಭಂಡಾರದಲ್ಲಿ ಬಾಯಿ ತೆರೆದು ಹಲ್ಲು ಕಾಣುವಂತೆ ನಗುವ ಬೋಧಿಸತ್ವನ ಮಣ್ಣಿನ ವಿಗ್ರಹ ಇದೆ. ತಲೆ ತುಸು ಓರೆ, ಸೊಂಟ ಒಂದು ಕಡೆಗೆ, ಕೈ ಜೋಡಿಸಿ ನಿಂತಿದ್ದಾನೆ. ಹತ್ತಿರದಲ್ಲೇ 1392ರ ಒಂಬತ್ತು ಡ್ರ್ಯಾಗನ್‌ಗಳ ಗೋಡೆ, 45.5 ಮೀಟರ್ ಉದ್ದ. ಮಧ್ಯಾಹ್ನದ ರೈಲಿಗೆ ಬೀಜಿಂಗ್.

ಹೋಗೋರಿಗೆ ಒಂದಿಷ್ಟು ಮಾತು. ಅಕ್ಟೋಬರ್ 1ರ ರಾಷ್ಟ್ರೀಯ ರಜೆಯ ವಾರ ಖಂಡಿತ ಬೇಡ, ಹತ್ತೋಕೆ ಟಿಕೆಟ್ಟೇ ಸಿಗೋದಿಲ್ಲ. ಏಪ್ರಿಲ್ ಕೊನೆ ಮತ್ತು ಸೆಪ್ಟೆಂಬರ್ ಚೆನ್ನಾಗಿರುತ್ತದೆ, ಚಳಿಗಾಲದಲ್ಲಿ ಇಲ್ಲಿ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಅಲಿಪೇ ಆ್ಯಪ್‌ಗೆ ನಿಮ್ಮ ಕಾರ್ಡ್ ಇಲ್ಲೇ ಜೋಡಿಸಿಕೊಂಡು ಹೋಗಿ, ಲ್ಯಾಂಗ್‌ಫೆನ್ ಅಂಗಡಿಯಲ್ಲೂ ಅದೇ ನಡೆಯೋದು. ವಾಟ್ಸ್‌ಆ್ಯಪ್, ಗೂಗಲ್ ಅಲ್ಲಿನ ಇಂಟರ್‌ನೆಟ್‌ನಲ್ಲಿ ತೆರೆಯುವುದಿಲ್ಲ, ಅನುವಾದದ ಆ್ಯಪನ್ನು ಆಫ್‌ಲೈನ್ ಆಗಿ ಇಳಿಸಿಕೊಂಡಿರಿ. ಮಳೆ ಗಾಳಿ ಜೋರಾದರೆ ಗುಡಿ ಹತ್ತೋದನ್ನು ನಿಲ್ಲಿಸಿಬಿಡುತ್ತಾರೆ, ಆದ್ದರಿಂದ ಒಂದು ದಿನ ಜಾಸ್ತಿ ಇಟ್ಟುಕೊಂಡು ಹೋದರೆ ಒಳ್ಳೇದು. ಮಂಡಿ ನೋವಿರುವ ಹಿರಿಯರು ಕೆಳಗಿಂದ ನೋಡೋ ಟಿಕೆಟ್ ತೆಗೆದುಕೊಂಡು, ಉಳಿದ ಸಮಯವನ್ನು ಯೊಂಗ್‌ಆನ್ ಗುಡಿಯ ಗೋಡೆಗಳಿಗೆ ಕೊಡಲಿ. ಅಲ್ಲಿ ಹತ್ತೋದೂ ಇಲ್ಲ, ಹಿಂದಿನಿಂದ ತಳ್ಳೋರೂ ಇಲ್ಲ.